ಅಧ್ಯಕ್ಷರ ವೀಟೋ, ಊರಿನ ಕೊಳವೆ

2026ನೆಯ ಇಸವಿ ಜನವರಿ 8ರಂದು ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಒಂದು ಮಸೂದೆಯ ಪರವಾಗಿ 248 ಮತಗಳೂ ವಿರುದ್ಧವಾಗಿ 177 ಮತಗಳೂ ಬಿದ್ದವು, ಮಸೂದೆ ಸೋತಿತು. ವಾರ್ತೆಯಲ್ಲಿ ಇಂಥ ಅಂಕೆ ಕಿವಿಗೆ ಬಿದ್ದರೆ ವಾರ್ತೆ ಓದಿದವರೇ ತಪ್ಪಿದರೇನೋ ಎಂದು ನಿಮಗೆ ಅನ್ನಿಸಬಹುದು. ಎಪ್ಪತ್ತೊಂದು ಮತ ಹೆಚ್ಚು ಬಂದ ಮೇಲೂ ಸೋಲೇ? ಸೋಲೇ. ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ಕೊಲರಾಡೋ ರಾಜ್ಯದ ಕೆಲವು ಊರುಗಳ ಬಾವಿಗಳವರೆಗೆ ಹೋಗಿ ಬರಬೇಕು.

ಕೊಲರಾಡೋ ಎಂದೊಡನೆ ಹಿಮದ ಬೆಟ್ಟಗಳು ನೆನಪಾಗುತ್ತವೆ. ಆ ರಾಜ್ಯದ ಆಗ್ನೇಯ ಭಾಗ ಹಾಗಿಲ್ಲ. ಅರ್ಕನ್ಸಾ ನದಿಯ ಗುಂಟ ಹಬ್ಬಿದ ಒಣ ಬಯಲು ಅದು. ಅಲ್ಲಿರುವುವು ಬೇಸಾಯಗಾರರ ಸಣ್ಣ ಊರುಗಳು. ಅಲ್ಲಿನ ಅಂತರ್ಜಲ ಉಪ್ಪು. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಹಲವು ಬಾವಿಗಳ ನೀರಿನಲ್ಲಿ ನೆಲದೊಳಗಿಂದ ಸಹಜವಾಗಿಯೇ ಬೆರೆತು ಬರುವ ರೇಡಿಯಂ, ಯುರೇನಿಯಂ ಇವೆ. ವರ್ಷಗಟ್ಟಲೆ ಕುಡಿದರೆ ಮೈಗೆ ಕೇಡು ತಪ್ಪದು. ನೀರನ್ನು ಶುದ್ಧಿ ಮಾಡಬಹುದು, ದಿಟ. ಆದರೆ ಶುದ್ಧಿ ಮಾಡಿದ ಮೇಲೆ ಉಳಿಯುವ ವಿಕಿರಣದ ಕೊಳೆಯನ್ನು ಸುರಿಯುವುದೆಲ್ಲಿ? ಕೆಲವೇ ನೂರು ಮನೆಗಳ ಪುರಸಭೆಗೆ ಆ ಖರ್ಚು ನಿಲುಕುವ ಮಾತಲ್ಲ.

ಇದಕ್ಕೆ ಪರಿಹಾರವೆಂದು ಯೋಚಿಸಿದ್ದು ಪ್ಯೂಬ್ಲೋ ಜಲಾಶಯದಿಂದ ಪೂರ್ವಕ್ಕೆ ಸುಮಾರು 130 ಮೈಲಿ ಉದ್ದದ ಕೊಳವೆ ಮಾರ್ಗ. 39 ಊರು-ಬಡಾವಣೆಗಳ ಸುಮಾರು 50,000 ಜನರಿಗೆ ಅದರಿಂದ ಒಳ್ಳೆಯ ನೀರು ದೊರೆಯಬೇಕು. ಈ ಕೊಳವೆಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು ಎಂದು ಗೊತ್ತೆ? 1962ರಲ್ಲಿ. ಆಗಸ್ಟ್ ತಿಂಗಳಲ್ಲಿ ಕೆನೆಡಿಯವರು ರುಜು ಹಾಕಿದರು. ಪ್ಯೂಬ್ಲೋ ನಗರಕ್ಕೆ ತಾವೇ ಹೋಗಿ ಭಾಷಣವನ್ನೂ ಮಾಡಿದರು. ಆದರೆ ಕೊಳವೆಯ ವೆಚ್ಚವನ್ನೆಲ್ಲ ಊರಿನವರೇ ತೀರಿಸಬೇಕೆಂದು ನಿಬಂಧನೆ ಇದ್ದುದರಿಂದ ಕೆಲಸ ದಶಕಗಳ ಕಾಲ ಕಾಗದದ ಮೇಲೆಯೇ ಉಳಿಯಿತು. 2009ರಲ್ಲಿ ಊರಿನವರ ಪಾಲನ್ನು ನೂರಕ್ಕೆ 35ಕ್ಕೆ ಇಳಿಸಿದರು. ನೆಲ ಅಗೆದದ್ದು 2023ರಲ್ಲಿ. ಅಷ್ಟರಲ್ಲಿ ಸಾಮಗ್ರಿಯ ಬೆಲೆ ಏರಿ, ಒಟ್ಟು ವೆಚ್ಚ ನೂರ ಮೂವತ್ತು ಕೋಟಿ ಡಾಲರಿನವರೆಗೆ ಹೋಗಬಹುದೆಂಬ ಅಂದಾಜು ಬಂತು. ಊರಿನವರ ಸಾಲಕ್ಕೆ 75 ವರ್ಷಗಳ ವಾಯಿದೆ ಕೊಟ್ಟು ಬಡ್ಡಿಯನ್ನು ಅರ್ಧಕ್ಕೆ ಇಳಿಸಬೇಕೆನ್ನುವ ಸಣ್ಣ ಮಸೂದೆಯೊಂದನ್ನು ಅಲ್ಲಿನ ಪ್ರತಿನಿಧಿ ಲಾರೆನ್ ಬೋಬರ್ಟ್ ತಂದರು. 2025ರಲ್ಲಿ ಎರಡು ಸಭೆಗಳೂ ಅದನ್ನು ಒಂದೂ ವಿರೋಧದ ದನಿಯಿಲ್ಲದೆ ಒಪ್ಪಿದವು. ವರ್ಷದ ಕೊನೆಯ ವಾರದಲ್ಲಿ ಅಧ್ಯಕ್ಷ ಟ್ರಂಪ್ ವೀಟೋ ಹಾಕಿದರು. ತೆರಿಗೆ ಕೊಡುವವರ ಮೇಲೆ ಇಷ್ಟು ಹೊರೆ ಹೊರಿಸಲಾಗದು ಎಂಬುದು ಅವರು ಬರೆದು ಕಳಿಸಿದ ಕಾರಣ. ತಮ್ಮದೇ ಪಕ್ಷದ ಬೋಬರ್ಟ್ ಅವರು ಇದು ರಾಜಕೀಯ ಪ್ರತೀಕಾರ ಆಗಿರದಿರಲಿ ಎಂದು ಆಶಿಸಿದರು. ಆಶಯದ ಒಳಗೆ ಶಂಕೆಯೂ ಇತ್ತೆಂಬುದು ಸ್ಪಷ್ಟ.

ಈಗ ನಿಯಮದ ಮಾತು. ಅಮೆರಿಕದಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಅವರ ಪಾರ್ಲಿಮೆಂಟು. ಪ್ರತಿನಿಧಿ ಸಭೆ ಮತ್ತು ಸೆನೆಟ್ ಎಂದು ಅದಕ್ಕೆ ಎರಡು ಮನೆ. ಎರಡೂ ಒಪ್ಪಿದ ಮಸೂದೆ ಅಧ್ಯಕ್ಷರ ಮೇಜಿಗೆ ಬರುತ್ತದೆ. ಭಾನುವಾರಗಳನ್ನು ಬಿಟ್ಟು ಹತ್ತು ದಿನಗಳೊಳಗೆ ಅವರು ರುಜು ಹಾಕಬೇಕು, ಇಲ್ಲವೆ ಆಕ್ಷೇಪಣೆ ಬರೆದು ಮಸೂದೆ ಹುಟ್ಟಿದ ಮನೆಗೇ ಹಿಂದಿರುಗಿಸಬೇಕು. ಆ ಮನೆಯಲ್ಲಿ ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು, ಅನಂತರ ಇನ್ನೊಂದು ಮನೆಯಲ್ಲಿಯೂ ಮೂರರಲ್ಲಿ ಎರಡು ಪಾಲು ಸದಸ್ಯರು ಮತ್ತೆ ಒಪ್ಪಿದರೆ ಅಧ್ಯಕ್ಷರ ರುಜುವಿನ ಹಂಗಿಲ್ಲದೆಯೇ ಅದು ಕಾನೂನು. ಅಂದು ಮತ ಹಾಕಿದವರು 425 ಮಂದಿ, ಬೇಕಾಗಿದ್ದದ್ದು 284. ಮೂವತ್ತಾರು ಮತ ಕಡಮೆಯಾಯಿತು. ಮೊದಲ ಮನೆಯಲ್ಲಿಯೇ ಬಿದ್ದುದರಿಂದ ಸೆನೆಟ್ಟಿನವರೆಗೆ ಅದು ಹೋಗಲೇ ಇಲ್ಲ. ಅದೇ ದಿನ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿರುವ ಮಿಕ್ಕಸೂಕಿ ಬುಡಕಟ್ಟಿನವರ ಹಟ್ಟಿಯೊಂದನ್ನು ನೆರೆಯಿಂದ ಕಾಪಾಡುವ ಮಸೂದೆಯೂ 236ಕ್ಕೆ 188ರಂತೆ ಹೀಗೆಯೇ ಬಿತ್ತು.

ನಮ್ಮ ಸಂವಿಧಾನದ 111ನೆಯ ಅನುಚ್ಛೇದ ಬೇರೆ ದಾರಿ ಹಿಡಿದಿದೆ. ನಮ್ಮ ರಾಷ್ಟ್ರಪತಿಯೂ ಮಸೂದೆಯನ್ನು ಹಿಂದಿರುಗಿಸಬಹುದು. ಆದರೆ ಪಾರ್ಲಿಮೆಂಟು ಸಾಮಾನ್ಯ ಬಹುಮತದಿಂದ ಇನ್ನೊಮ್ಮೆ ಒಪ್ಪಿದರೆ ಒಪ್ಪಿಗೆ ಕೊಡಲೇಬೇಕು. 2006ರಲ್ಲಿ ಲಾಭದಾಯಕ ಹುದ್ದೆಗಳ ಮಸೂದೆಯನ್ನು ಅಬ್ದುಲ್ ಕಲಾಂ ಅವರು ಹಿಂದಕ್ಕೆ ಕಳಿಸಿ, ಅದು ಮತ್ತೆ ಬಂದಾಗ ರುಜು ಹಾಕಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಅಧ್ಯಕ್ಷರೇ ಸರ್ಕಾರದ ಒಡೆಯರು, ಇಲ್ಲಿ ಹಾಗಲ್ಲ. ಆದುದರಿಂದಲೇ ಈ ವ್ಯತ್ಯಾಸ.

ಇನ್ನು ನಿಮ್ಮ ಮನಸ್ಸಿನಲ್ಲಿ ಎದ್ದಿರಬಹುದಾದ ಪ್ರಶ್ನೆ: ಒಕ್ಕೊರಲಿನಿಂದ ಒಪ್ಪಿದ ಮಸೂದೆಯ ವಿರುದ್ಧ ಆಮೇಲೆ 177 ಮಂದಿ ಹುಟ್ಟಿಕೊಂಡದ್ದೆಲ್ಲಿಂದ? ನನಗೆ ತೋರುವಂತೆ ಈ ಇಡೀ ವಿಷಯದ ಗುಟ್ಟು ಇಲ್ಲಿದೆ. ಮೊದಲನೆಯ ಸಲ ಸಭಾಧ್ಯಕ್ಷರು ಕೇಳಿದಾಗ ಎಲ್ಲರೂ ಕುಳಿತಲ್ಲಿಂದಲೇ ‘ಹೌದು’ ಅಂದರು. ಯಾರು ಅಂದರು, ಯಾರು ಸುಮ್ಮನಿದ್ದರು ಎಂಬ ಲೆಕ್ಕವಿಲ್ಲ. ವೀಟೋ ಆದ ಮಸೂದೆಗೆ ಆ ಸೌಕರ್ಯವಿಲ್ಲ. ಪ್ರತಿಯೊಬ್ಬರ ಮತವನ್ನೂ ಹೆಸರು ಸಹಿತ ದಾಖಲೆಗೆ ಬರೆಯಬೇಕೆಂದು ಅವರ ಸಂವಿಧಾನವೇ ವಿಧಿಸಿದೆ. ಅಲ್ಲದೆ ಪ್ರಶ್ನೆಯೂ ಬದಲಾಗಿರುತ್ತದೆ. ಮೊದಲು ‘ಆ ಊರಿಗೆ ನೀರು ಬೇಕೆ?’ ಎಂದಿದ್ದದ್ದು ಈಗ ‘ನೀನು ಅಧ್ಯಕ್ಷರ ಕಡೆಯೋ, ಅಲ್ಲವೋ?’ ಎಂದಾಗುತ್ತದೆ. ದೂರದ ರಾಜ್ಯದ ಸದಸ್ಯನಿಗೆ ಕೊಲರಾಡೋದ ಬಾವಿಯಿಂದ ಒಂದು ಮತವೂ ಬಾರದು. ಅಧ್ಯಕ್ಷರ ಮುನಿಸಿನಿಂದ ಕಳೆದುಹೋಗುವ ಮತ ಬಹಳ. ಅಧ್ಯಕ್ಷರ ಪಕ್ಷದ 35 ಮಂದಿ ಅಂದು ಕೊಳವೆಯ ಪರ ನಿಂತರೆಂಬುದೇ ಹೆಚ್ಚು.

ಹಾಗಾದರೆ ಊರಿನ ಕಾಮಗಾರಿಗಾಗಿ ವೀಟೋವನ್ನು ಮೀರಿದ್ದು ಎಂದೂ ಇಲ್ಲವೆ? ಬೇಕಾದಷ್ಟಿದೆ. 1959ರ ಕಥೆ ಕೇಳಿ. ನದಿ, ಬಂದರು, ಅಣೆಕಟ್ಟುಗಳ ವೆಚ್ಚದ ಮಸೂದೆಯೊಂದರಲ್ಲಿ ಕಾಂಗ್ರೆಸ್ಸಿನವರು ಆಯವ್ಯಯದಲ್ಲಿಲ್ಲದ 67 ಹೊಸ ಕಾಮಗಾರಿಗಳನ್ನು ಸೇರಿಸಿದರೆಂದು ಐಸೆನ್‌ಹೋವರರು ಆಗಸ್ಟ್ ಕೊನೆಯಲ್ಲಿ ವೀಟೋ ಹಾಕಿದರು. ಅಧಿಕಾರಕ್ಕೆ ಬಂದಂದಿನಿಂದ ಅವರು ಹಾಕಿದ್ದ ವೀಟೋಗಳು ನೂರಕ್ಕೆ ಮಿಕ್ಕಿದ್ದವು; ಒಂದನ್ನೂ ಕಾಂಗ್ರೆಸ್ಸು ಮೀರಲಾಗಿರಲಿಲ್ಲ. ಈ ಸಲವೂ ಪ್ರತಿನಿಧಿ ಸಭೆಯಲ್ಲಿ 274ಕ್ಕೆ 138 ಆಗಿ ಒಂದೇ ಒಂದು ಮತದಿಂದ ಸೋಲಾಯಿತು. ಆಗ ಅವರು ಮಾಡಿದ ಉಪಾಯವನ್ನು ನೋಡಿ: ಒಂದು ಕಾಮಗಾರಿಯನ್ನೂ ಕೈಬಿಡದೆ, ಎಲ್ಲಕ್ಕೂ ನೂರಕ್ಕೆ ಎರಡೂವರೆಯಂತೆ ಹಣ ಕತ್ತರಿಸಿ, ಅದೇ ಮಸೂದೆಯನ್ನು ಮತ್ತೆ ಕಳಿಸಿದರು! ಐಸೆನ್‌ಹೋವರರು ಸೆಪ್ಟೆಂಬರ್ 9ರಂದು ಅದನ್ನೂ ತಿರಸ್ಕರಿಸಿದರು. ಮರುದಿನವೇ 280ಕ್ಕೆ 121, ಸೆನೆಟ್ಟಿನಲ್ಲಿ 72ಕ್ಕೆ 23. ಯುದ್ಧವನ್ನು ಗೆದ್ದ ಸೇನಾಪತಿ ಕಾಲುವೆಗಳ ಮುಂದೆ ಸೋತರು.

ಎರಡಕ್ಕೂ ಇರುವ ಅಂತರ ನಿಮಗೆ ಹೊಳೆದಿರಬೇಕು. ಕೊಲರಾಡೋದ ಮಸೂದೆ ಒಂಟಿ. 1959ರದ್ದು ಜಾತ್ರೆಯ ಗಾಡಿ, ಎಲ್ಲರ ಗಂಟೂ ಅದರಲ್ಲಿತ್ತು. ಇಂಥ ಖರ್ಚಿಗೆ ಅಮೆರಿಕನ್ನರು ‘ಪೋರ್ಕ್ ಬ್ಯಾರೆಲ್’, ಅಂದರೆ ಹಂದಿಮಾಂಸದ ಪೀಪಾಯಿ, ಎಂದು ಹೆಸರಿಟ್ಟು ನಗುತ್ತಾರೆ. ತಮ್ಮ ಊರಿಗೆ ಬಂದಾಗ ಮಾತ್ರ ಅದನ್ನು ಅಭಿವೃದ್ಧಿ ಎನ್ನುತ್ತಾರೆ. 1882ರಲ್ಲಿ ಅಧ್ಯಕ್ಷ ಆರ್ಥರ್ ಇಂಥದೇ ನದಿ-ಬಂದರು ಮಸೂದೆಯನ್ನು ಹಿಂದಿರುಗಿಸುತ್ತ, ಮಸೂದೆ ಹೆಚ್ಚು ಕೆಟ್ಟಷ್ಟೂ ಅದಕ್ಕೆ ಬೆಂಬಲ ಹೆಚ್ಚುತ್ತದೆ ಎಂಬರ್ಥದ ಮಾತು ಬರೆದರು. ಮಾತು ದಿಟವೆಂದು ತೋರಿಸಲೆಂಬಂತೆ ಕಾಂಗ್ರೆಸ್ಸು ಮರುದಿನವೇ ವೀಟೋವನ್ನು ತಳ್ಳಿಹಾಕಿತು. ಮಸೂದೆಯಲ್ಲಿ ತಮಗೆ ಒಗ್ಗದ ಬಾಬನ್ನು ಮಾತ್ರ ಹೊಡೆದುಹಾಕುವ ಅಧಿಕಾರ ಅಧ್ಯಕ್ಷರಿಗಿಲ್ಲ. ನುಂಗಿದರೆ ಪೂರ್ತಿ ನುಂಗಬೇಕು. 1996ರಲ್ಲಿ ಆ ಅಧಿಕಾರವನ್ನು ಕೊಟ್ಟು ನೋಡಿದರು. 1998ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದು ಸಂವಿಧಾನಕ್ಕೆ ವಿರುದ್ಧವೆಂದಿತು.

ಒಂಟಿ ಮಸೂದೆಗಳು ಗೆದ್ದದ್ದೂ ಉಂಟು. 1856ರಲ್ಲಿ ಅಧ್ಯಕ್ಷ ಪಿಯರ್ಸ್ ಮಿಸಿಸಿಪಿಯ ಮುಖದ ಹೂಳೆತ್ತುವುದೇ ಮೊದಲಾದ ಸಣ್ಣ ಸಣ್ಣ ಮಸೂದೆಗಳಿಗೆ ವೀಟೋ ಹಾಕಿದರು; ಅಂಥ ಐದನ್ನು ಕಾಂಗ್ರೆಸ್ಸು ಒಂದೇ ಬೇಸಗೆಯಲ್ಲಿ ಮೀರಿತು. ಆದರೆ ಆ ಜೂನ್ ತಿಂಗಳಲ್ಲಿ ಪಿಯರ್ಸರ ಸ್ವಂತ ಪಕ್ಷವೇ ಅವರನ್ನು ಎರಡನೆಯ ಬಾರಿಗೆ ಉಮೇದುವಾರರನ್ನಾಗಿ ನಿಲ್ಲಿಸಲು ಒಪ್ಪಿರಲಿಲ್ಲವೆಂಬುದನ್ನು ಮರೆಯಬಾರದು. ಮನೆಗೆ ಹೋಗುವ ಯಜಮಾನನಿಗೆ ಯಾರು ಹೆದರುತ್ತಾರೆ? 1830ರ ಆಂಡ್ರ್ಯೂ ಜಾಕ್ಸನ್ ಹಾಗಿರಲಿಲ್ಲ. ತಮ್ಮ ಎದುರಾಳಿ ಹೆನ್ರಿ ಕ್ಲೇ ಅವರ ಕೆಂಟಕಿಯಲ್ಲಿ ಅರುವತ್ತು ಮೈಲಿಯ ರಸ್ತೆಗೆ ಅವರು ವೀಟೋ ಹಾಕಿದಾಗ ಸಭೆಗೆ ಅದನ್ನು ಮೀರಲಾಗಲಿಲ್ಲ.

ಕೆಲವೊಮ್ಮೆ ಎಲ್ಲವೂ ಒಬ್ಬ ಮನುಷ್ಯನ ಮೇಲೆ ನಿಲ್ಲುತ್ತದೆ. 1987ರಲ್ಲಿ ಹೆದ್ದಾರಿಗಳ ಮಸೂದೆಗೆ ರೇಗನ್ನರು ವೀಟೋ ಹಾಕಿದರು. ಬಾಸ್ಟನ್ನಿನ ಭಾರಿ ಸುರಂಗ ರಸ್ತೆಯೂ ಅದರಲ್ಲಿತ್ತು. ಪ್ರತಿನಿಧಿ ಸಭೆ 350ಕ್ಕೆ 73ರಂತೆ ಮೀರಿತು. ಸೆನೆಟ್ಟಿನಲ್ಲಿ 67 ಬೇಕು. ರೇಗನ್ನರು ತಾವೇ ಕಾಂಗ್ರೆಸ್ ಭವನಕ್ಕೆ ಹೋಗಿ, ತಮ್ಮ ಪಕ್ಷದಲ್ಲಿ ತಿರುಗಿಬಿದ್ದಿದ್ದ ಹದಿಮೂರು ಸೆನೆಟರುಗಳಲ್ಲಿ ಒಬ್ಬರಾದರೂ ಮನಸ್ಸು ಬದಲಿಸಬೇಕೆಂದು ಬೇಡಿದರು. ಒಬ್ಬರೂ ಕದಲಲಿಲ್ಲ. ಹಿಂದಿನ ದಿನ ರೇಗನ್ನರ ಕಡೆಗೆ ಬಿದ್ದಿದ್ದ ಉತ್ತರ ಕೆರೋಲಿನಾದ ಟೆರಿ ಸ್ಯಾನ್‌ಫರ್ಡರ ಮತ ಏಪ್ರಿಲ್ 2ರಂದು ಮಗ್ಗಲು ಬದಲಿಸಿತು. 67ಕ್ಕೆ 33.

ಕೊಲರಾಡೋದ ಕೊಳವೆಯ ಕೆಲಸವನ್ನು ಆ ವೀಟೋ ನಿಲ್ಲಿಸಲಿಲ್ಲ. ಸಾಲದ ಭಾರ ಮಾತ್ರ ಮೊದಲಿನಷ್ಟೇ ಉಳಿಯಿತು. ಒಂಟಿಯಾಗಿ ಸೋತ ಮಸೂದೆಯ ಅಕ್ಷರಗಳನ್ನೇ ಅಧ್ಯಕ್ಷರು ಬೇಡವೆನ್ನಲಾಗದ ದೊಡ್ಡ ಮಸೂದೆಯೊಂದರ ಬಾಲಕ್ಕೆ ಕಟ್ಟಿ ಕಳಿಸುವ ದಾರಿ ಕಾಂಗ್ರೆಸ್ಸಿಗೆ ಯಾವಾಗಲೂ ಉಂಟು. ಬಡ್ಡಿಯ ದರ ಅಷ್ಟರಲ್ಲಿ ಇಳಿಯದಿದ್ದರೆ, ಊರಿನವರ ಪಾಲಿನ ಸಾಲ ಏರುವುದು ಮನೆಮನೆಯ ನೀರಿನ ಕಂದಾಯದ ಚೀಟಿಯಲ್ಲಿಯೇ.