ಅಕ್ಕ ಒಬ್ಬಳೋ, ಮೂವರೋ?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ರಜೆ ಚೀಟಿ ಬರೆದು ತಂದಿದ್ದಳು. 'ಮೈ ಸಿಸ್ಟರ್, ಲತಾ, ಈಸ್ ಗೆಟಿಂಗ್ ಮ್ಯಾರೀಡ್.' ಅವಳಿಗೆ ಮೂವರು ಅಕ್ಕಂದಿರು. ಆದರೆ ಚೀಟಿಯಲ್ಲಿದ್ದ ಎರಡು ಕಾಮಾಗಳ ಪ್ರಕಾರ ಅವಳಿಗಿರುವುದು ಒಬ್ಬಳೇ ಅಕ್ಕ. ಯಾಕೆ ಹಾಕಿದೆ ಎಂದು ಕೇಳಿದೆ. 'ಅಪೊಸಿಟಿವ್ ಬಂದ್ರೆ ಕಾಮಾ ಹಾಕ್ಲೇಬೇಕಲ್ವಾ ಮಿಸ್?' ಎಂದಳು.

ಈ ನಂಬಿಕೆ ಬಹಳ ಮಂದಿಗಿದೆ. ಅದು ಅರ್ಧ ಮಾತ್ರ ನಿಜ. ಒಂದು ನಾಮಪದದ ಪಕ್ಕ ಕೂತು ಅದೇ ವ್ಯಕ್ತಿಯನ್ನೋ ವಸ್ತುವನ್ನೋ ಇನ್ನೊಂದು ಹೆಸರಿನಿಂದ ಹೇಳುವ ಪದವೇ ಅಪೊಸಿಟಿವ್. ಪದಗಳ ಗುಂಪಾದರೆ ಅಪೊಸಿಟಿವ್ ಫ್ರೇಸ್. 'ಯಾವ ಅಕ್ಕ?' ಎಂಬುದಕ್ಕೆ ಆ ಹೆಸರೇ ಉತ್ತರವಾದರೆ ಕಾಮಾ ಬೇಡ. ಯಾರೆಂದು ಮೊದಲೇ ಗೊತ್ತಿದ್ದು, ಹೆಸರು ಬರೀ ಹೆಚ್ಚಿನ ವಿವರವಾದರೆ ಬೇಕು. ಜೇನ್ ಆಸ್ಟಿನ್ ಹಲವು ಕಾದಂಬರಿ ಬರೆದವರು, ಹಾಗಾಗಿ 'ಆಸ್ಟಿನ್ಸ್ ನಾವೆಲ್ ಎಮ್ಮಾ' ಎನ್ನುವಲ್ಲಿ ಕಾಮಾ ಇಲ್ಲ. ಎಮಿಲಿ ಬ್ರಾಂಟೆ ಪ್ರಕಟಿಸಿದ್ದು ಒಂದೇ, 1847ರ 'ವದರಿಂಗ್ ಹೈಟ್ಸ್'. 'ಬ್ರಾಂಟೆಸ್ ನಾವೆಲ್' ಎಂದ ಮೇಲೆ ಕಾಮಾ ಇಟ್ಟೇ ಆ ಹೆಸರು ಬರೆಯಬೇಕು. ಒಂದು ಚಿಕ್ಕ ಗೆರೆ ಪುಸ್ತಕಗಳ ಲೆಕ್ಕವನ್ನೇ ಹೇಳಿಬಿಡುತ್ತದಲ್ಲ, ನನಗೆ ಈ ವ್ಯಾಕರಣ ಹಿಡಿಸುವುದೇ ಅದಕ್ಕೆ.

ಒಂದು ಕಾಮಾ ಸಾಕು ಎಂಬುದು ಇನ್ನೊಂದು ತಪ್ಪು. 'ಮೈ ಅಂಕಲ್, ಎ ಪೋಸ್ಟ್‌ಮ್ಯಾನ್ ಲಿವ್ಸ್ ಇನ್ ಹಾಸನ್' ಎಂದು ಬರೆಯುವವರಿದ್ದಾರೆ. ಕಂಸ ತೆರೆದವರು ಮುಚ್ಚುವ ಹಾಗೆ ಪೋಸ್ಟ್‌ಮ್ಯಾನ್ ಆದ ಮೇಲೂ ಒಂದು ಕಾಮಾ ಬೇಕು. ಇನ್ನು ಅಪೊಸಿಟಿವ್ ನಾಮಪದದ ನಂತರವೇ ಬರಬೇಕೆಂದೇನಿಲ್ಲ, ವಾಕ್ಯದ ಮೊದಲಿಗೂ ಬರುತ್ತದೆ. ಕ್ರಿಯಾಪದ ಮಾತ್ರ ಅದರ ಮಾತು ಕೇಳುವುದಿಲ್ಲ: 'ಹಿಸ್ ಗಿಫ್ಟ್, ಟೂ ಓಲ್ಡ್ ಬುಕ್ಸ್, ಈಸ್ ಆನ್ ದ ಟೇಬಲ್.' ಪುಸ್ತಕ ಎರಡಿದ್ದರೂ ಉಡುಗೊರೆ ಒಂದೇ, ಆದ್ದರಿಂದ 'ಆರ್' ಅಲ್ಲ, 'ಈಸ್'.

ಕನ್ನಡದಲ್ಲಿ ಇಂಥದ್ದಿಲ್ಲ ಎನ್ನುವವರೂ ಇದ್ದಾರೆ. 'ನನ್ನ ಅಕ್ಕ ಲತಾಳಿಗೆ ಮದುವೆ' ಎನ್ನುತ್ತೇವಲ್ಲ, ಅಕ್ಕನೂ ಲತಾಳೂ ಒಬ್ಬಳೇ; ವಿಭಕ್ತಿ ಪ್ರತ್ಯಯ ಕೊನೆಯ ಪದಕ್ಕೆ ಮಾತ್ರ ಹತ್ತಿದೆ. ಆದರೆ ಅಕ್ಕಂದಿರ ಲೆಕ್ಕವನ್ನು ನಾವು ಕಾಮಾದಿಂದ ಹೇಳುವುದಿಲ್ಲ. 'ದೊಡ್ಡಕ್ಕ ಲತಾ', 'ಇರೋಳೊಬ್ಬಳೇ ಅಕ್ಕ ಲತಾ' ಎಂದು ಮಾತಿನಲ್ಲೇ ಹೇಳಿಬಿಡುತ್ತೇವೆ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಎಡವುವುದು ಇಲ್ಲೇ. ಅದನ್ನು ಅಜಾಗರೂಕತೆ ಎಂದು ಗದರುವುದು ಅನ್ಯಾಯ.

ಹುಡುಗಿಗೆ ಇಷ್ಟು ಹೇಳಿ ಚೀಟಿ ವಾಪಸು ಕೊಟ್ಟೆ. ಲತಾಳ ಅಕ್ಕಪಕ್ಕದ ಕಾಮಾಗಳನ್ನು ಹೊಡೆದು ಹಾಕಿದಳು. ಮುಂದಿನ ಸಾಲಿನಲ್ಲಿ 'ಮೈ ಫಾದರ್, ಶಿವಣ್ಣ,' ಎಂದಿತ್ತು. ಪೆನ್ನು ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಆ ಎರಡನ್ನೂ ಹಾಗೆಯೇ ಬಿಟ್ಟಳು.