ರೇಸಿಂಗ್ ಗೇಮ್: ಸ್ಟೀರಿಂಗ್ ಜೋರಾಗಿ ಎಳೆದರೆ ಸಾಲದು, ಹೀಗೆ ಸೆಟ್ ಮಾಡಿ
ಠಾಣೆ, ಡೊಂಬಿವಲಿ, ಕಲ್ಯಾಣ್ ಅಥವಾ ನವಿ ಮುಂಬೈನ ಫ್ಲ್ಯಾಟ್‌ನಲ್ಲಿ ಓದುವ ಮೇಜಿಗೇ ಗೇಮಿಂಗ್ ವ್ಹೀಲ್ ಬಿಗಿದು ಆಡುತ್ತೀರಾ? ಫೋರ್ಸ್ ಫೀಡ್‌ಬ್ಯಾಕ್ ಪೂರ್ತಿ ಏರಿಸಿದರೆ ಮೇಜು ಅಲುಗುತ್ತದೆ, ಸದ್ದು ಪಕ್ಕದ ಮನೆಗೂ ಕೇಳಬಹುದು. ಆಟಕ್ಕೂ ನಷ್ಟವೇ.

ಟೈರ್ ಹಿಡಿತ ತಪ್ಪುತ್ತಿರುವುದನ್ನು ಕೈಗೆ ತಿಳಿಸುವುದು ವ್ಹೀಲ್‌ನೊಳಗಿನ ಮೋಟರ್‌ನ ಕೆಲಸ. ಅದರ ಮಿತಿ ಮೀರಿದ ಬಲಗಳೆಲ್ಲ ಕೈಗೆ ಒಂದೇ ತೆರನಾಗಿ ತಟ್ಟುತ್ತವೆ. ಇದೇ ‘ಕ್ಲಿಪ್ಪಿಂಗ್’.

ಲಾಜಿಟೆಕ್ ಜಿ29 ಇದ್ದರೆ ಜಿ ಹಬ್‌ನಲ್ಲಿ ತಿರುಗುವಿಕೆಯನ್ನು 900 ಡಿಗ್ರಿಗೆ ಇಡಿ. ‘ಅಸೆಟ್ಟೊ ಕೋರ್ಸಾ’ ಆಡುವಾಗ ಪೆಡಲ್ಸ್ ಆ್ಯಪ್ ತೆರೆಯಿರಿ. ವೇಗದ ತಿರುವಿನಲ್ಲಿ ಫೋರ್ಸ್ ಪಟ್ಟಿ ಕೆಂಪಾಗಿಯೇ ಉಳಿದರೆ ಗೇಮ್‌ನ ಗೇನ್ ಸ್ವಲ್ಪ ಸ್ವಲ್ಪವೇ ಇಳಿಸಿ.

ಡೈರೆಕ್ಟ್ ಡ್ರೈವ್ ವ್ಹೀಲ್ ಆದರೆ ಕಡಿಮೆ ಬಲದಿಂದಲೇ ಶುರು ಮಾಡಿ. ಕಾರು ಗೋಡೆಗೆ ಗುದ್ದುವ ಮುನ್ನ ಕೈ ಬಿಡಿ, ಇಲ್ಲದಿದ್ದರೆ ಹೆಬ್ಬೆರಳು ಉಳುಕಬಹುದು.