ಸಿಡಿಲಿನ ಮರಣಗಳು: ಎರಡು ವೃತ್ತಾಂತಗಳ ಪರಿಶೀಲನೆ

ಸಿಡಿಲೆರಗಿ ಮನುಷ್ಯರು ಮೃತರಾದ ಸಂಗತಿಯನ್ನು ಹಿಂದಿನವರು ಬರೆದಿಟ್ಟಿರುವ ಲೇಖಗಳಲ್ಲಿ ಎರಡು ಅಂಶಗಳು ಬೆರೆತಿರುವುವು: ಒಂದು, ಪ್ರತ್ಯಕ್ಷದರ್ಶಿಗಳು ಕಂಡದ್ದು, ಮತ್ತೊಂದು, ಅದಕ್ಕೆ ಬರೆದವರು ಕಲ್ಪಿಸಿದ ಅರ್ಥ. ಎರಡನೆಯದನ್ನು ಒಪ್ಪಲಾಗದೆಂದು ಮೊದಲನೆಯದನ್ನೂ ತಳ್ಳಿಬಿಡುವುದು ಯುಕ್ತವಲ್ಲ.

೧೬೩೮ನೆಯ ಅಕ್ಟೋಬರ್ ೨೧ರಂದು ಇಂಗ್ಲೆಂಡಿನ ಡೆವನ್ ಪ್ರಾಂತದ ವಿಡಿಕಂಬ್ ಗ್ರಾಮದ ಇಗರ್ಜಿಯಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗ ಸಿಡಿಲೆರಗಿತು. ನಾಲ್ವರು ಮಡಿದರು, ಸುಮಾರು ಅರುವತ್ತು ಮಂದಿ ಗಾಯಗೊಂಡರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಕಿರುಹೊತ್ತಗೆಗಳು ಇದನ್ನು ದೈವದ ಎಚ್ಚರಿಕೆಯೆಂದು ಸಾರಿದುವು. ಜನರ ಬಾಯಲ್ಲಿಯಾದರೋ, ಜೂಜುಗಾರನೊಬ್ಬನನ್ನು ಒಯ್ಯಲು ಸೈತಾನನೇ ಬಂದನೆಂಬ ಕಥೆ ಬೆಳೆಯಿತು. ಆದರೂ ಬೆಂಕಿಯ ಉಂಡೆಯೊಂದು ಒಳಹೊಕ್ಕಿತೆಂದೂ, ಕೆಲವರ ಮೈ ಬೆಂದರೂ ಮೇಲಿನ ಉಡುಪು ಸುಡದೆ ಉಳಿಯಿತೆಂದೂ ಆ ಹೊತ್ತಗೆಗಳೇ ಹೇಳುತ್ತವೆ.

ಇನ್ನು ರಷ್ಯಾದೇಶದ ವೃತ್ತಾಂತ. ಮೋಡದ ಮಿಂಚು ವಿದ್ಯುತ್ತೇ ಎಂಬುದು ೧೭೫೨ರಲ್ಲಿ ಫ್ರಾನ್ಸಿನಲ್ಲಿ ಪ್ರಯೋಗದಿಂದ ಸಿದ್ಧವಾಗಿತ್ತು. ಮರುವರ್ಷದ ಆಗಸ್ಟ್ ೬ರಂದು ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಪರಿಷತ್ತಿನ ಪ್ರಾಧ್ಯಾಪಕ ರಿಚ್‌ಮನ್ನನು, ಮಾಡಿನ ಮೇಲಿನಿಂದ ಮನೆಯೊಳಕ್ಕೆ ತಂದಿದ್ದ ಲೋಹದ ಸಲಾಕೆಯ ಬಳಿ ನಿಂತು ವಿದ್ಯುತ್ತನ್ನು ಅಳೆಯಲೆಳಸಿದನು. ಆ ಸಲಾಕೆಗೆ ಭೂಮಿಯ ಸಂಪರ್ಕವಿರಲಿಲ್ಲ. ದಾರಿ ಕಾಣದ ವಿದ್ಯುತ್ತು ಅವನ ಹಣೆಗೆ ಹಾರಿತು. ಅವನು ಅಲ್ಲಿಯೇ ಅಸುನೀಗಿದನು. ಜೊತೆಯಲ್ಲಿದ್ದ ಕೆತ್ತನೆಗಾರ ಸೊಕೊಲೋಫನು ಬದುಕಿ ಉಳಿದು, ಕಂಡದ್ದನ್ನು ತಿಳಿಸಿದನು. ಮಿತ್ರನಾದ ಲೊಮೊನೊಸೋಫನು ಆ ದಿನವೇ ಬರೆದ ಪತ್ರದಲ್ಲಿ ಹಣೆಯ ಕೆಂಪು ಗುರುತನ್ನೂ, ಸುಡದೆ ಹರಿದಿದ್ದ ಪಾದರಕ್ಷೆಯನ್ನೂ ಹೇಳಿದ್ದಾನೆ.

ಎರಡು ಲೇಖಗಳಿಗೂ ನೂರು ವರ್ಷಕ್ಕೆ ಮೀರಿದ ಅಂತರವುಂಟು, ಮತಭಾವನೆಗಳೂ ಬೇರೆ. ಆದರೆ ಸುಡದ ಉಡುಪು, ಸುಡದೆ ಹರಿದ ಪಾದರಕ್ಷೆ ಎಂಬ ಚಿಹ್ನೆಗಳು ಪರಸ್ಪರ ಪೋಷಕವಾಗಿವೆ. ಸಿಡಿಲಿನ ಪ್ರವಾಹವು ಕ್ಷಣದ ಅತ್ಯಲ್ಪ ಭಾಗ ಮಾತ್ರ ಇರುವುದರಿಂದ ಬಟ್ಟೆಗೆ ಬೆಂಕಿ ಹತ್ತದಿರಬಹುದು. ಪಾದರಕ್ಷೆಯೊಳಗಿನ ತೇವವು ಒಮ್ಮೆಲೇ ಆವಿಯಾಗಿ ಅದನ್ನು ಹರಿಯಬಹುದು. ವಿಡಿಕಂಬಿನ ಲೇಖಕರಿಗೆ ಇದು ತಿಳಿದಿರಲಿಲ್ಲ. ಅದರಿಂದಲೇ ಅವರ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಕಾರಣವರಿಯದವರು ಕಾರಣಕ್ಕೆ ತಕ್ಕ ವಿವರವನ್ನು ಕಲ್ಪಿಸಲಾರರಷ್ಟೆ.

ಲೊಮೊನೊಸೋಫನ ಪತ್ರದಲ್ಲಿಯೂ ಅರ್ಥಕಲ್ಪನೆಯ ಭಯವಿದೆ. ಮೃತನ ಕುಟುಂಬಕ್ಕೆ ಆಶ್ರಯವನ್ನು ಬೇಡುವುದರೊಡನೆ, ಈ ಸಾವನ್ನು ಶಾಸ್ತ್ರಾಭಿವೃದ್ಧಿಗೆ ವಿರೋಧವಾಗಿ ವ್ಯಾಖ್ಯಾನಿಸದಂತೆ ನೋಡಿಕೊಳ್ಳಬೇಕೆಂದೂ ಅವನು ಪ್ರಾರ್ಥಿಸಿದ್ದಾನೆ. ಒಂದು ಮರಣದಿಂದ ಜನರು ಯಾವ ನೀತಿಯನ್ನು ತೆಗೆಯುವರೆಂಬುದು ಬದುಕಿರುವವರ ಪಾಲಿಗೆ ಎಷ್ಟು ಗುರುತರವಾದ ವಿಷಯವೆಂಬುದು ಇದರಿಂದ ವಿಶದವಾಗುತ್ತದೆ.